ಕನ್ಸೆಕ್ರೇಷನ್, ಕ್ರೀಕ್, ರೋಡನ್‌ಬಾಕ್: ಹಣ್ಣು ಹಾಕಿದ ಹುಳಿ ಬಿಯರ್‌ನಲ್ಲಿ ನಿಮಗೆ ಯಾವುದು?

ಕಳೆದ ನವೆಂಬರ್‌ನಲ್ಲಿ ಸುಳ್ಯದಿಂದ ಅಕ್ಕ-ಭಾವ ನಮ್ಮ ಮನೆಗೆ ಬಂದಿದ್ದರು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಒಂದು ಶನಿವಾರ ಸಂಜೆ ಊಟದ ಮೇಜಿನ ಮೇಲೆ ನಾಲ್ಕು ಬಾಟಲಿ ಇಟ್ಟೆ: ಕನ್ಸೆಕ್ರೇಷನ್, ಸಪ್ಲಿಕೇಷನ್, ಕ್ರೀಕ್, ರೋಡನ್‌ಬಾಕ್. ನಾಲ್ಕೂ ಮರದಲ್ಲಿ ಮಾಗಿದ ಹುಳಿ ಬಿಯರ್. ನಾಲ್ಕಕ್ಕೂ ಹಣ್ಣು ಬಿದ್ದಿದೆ. ಭಾವ ಮೊದಲ ಗುಟುಕು ಕುಡಿದವರೇ ಗ್ಲಾಸ್ ಕೆಳಗಿಟ್ಟರು. "ಇದು ಹಳಸಿದೆ ಮಾರಾಯ. ವಾಪಸ್ ಕೊಟ್ಟು ಬಾ" ಅಂದರು.

ಹಳಸಿರಲಿಲ್ಲ. ಅದರ ರುಚಿಯೇ ಹಾಗೆ. ಆದರೆ ತಪ್ಪು ನನ್ನದು. ನಾಲ್ಕರಲ್ಲಿ ಅತಿ ಗಟ್ಟಿಯಾದದ್ದನ್ನೇ ಅವರಿಗೆ ಮೊದಲು ಕೊಟ್ಟಿದ್ದೆ. ಈ ಬಾಟಲಿಗಳು ದುಬಾರಿ. ಗೊತ್ತಿಲ್ಲದೆ ಒಂದನ್ನು ಎತ್ತಿಕೊಂಡು ಬಂದು, ಒಂದು ಗುಟುಕಿಗೆ ಮುಖ ಕಿವಿಚಿ, ಉಳಿದದ್ದನ್ನು ಸಿಂಕಿಗೆ ಸುರಿದವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ವರ್ಷ, ಎರಡು ವರ್ಷ ಕಾದು ಮಾಡಿದ ವಸ್ತು ಅದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಮಾಡುವ ಒಂದು ತಪ್ಪಿದೆ. ಲೇಬಲ್ ಮೇಲಿನ ಹಣ್ಣಿನ ಹೆಸರು ನೋಡಿ ಕೊಳ್ಳುತ್ತಾರೆ. ಚೆರ್ರಿ ಅಂತ ಬರೆದಿದೆ, ಸಿಹಿಯಾಗಿರಬಹುದು ಅಂದುಕೊಳ್ಳುತ್ತಾರೆ. ಹಣ್ಣಿನಲ್ಲಿದ್ದ ಸಕ್ಕರೆಯನ್ನು ಯೀಸ್ಟ್ ಯಾವಾಗಲೋ ತಿಂದು ಮುಗಿಸಿರುತ್ತದೆ. ಬಾಟಲಿಗೆ ಬರುವುದು ಹಣ್ಣಿನ ಪರಿಮಳ, ಬಣ್ಣ, ಅದರ ಹುಳಿ, ಸಿಪ್ಪೆಯ ಒಗರು, ಇಷ್ಟೇ. ಸಕ್ಕರೆ ಕಳೆದ ಮೇಲೆ ನೇರಳೆ ಹಣ್ಣಿನಲ್ಲಿ ಏನು ಉಳಿಯುತ್ತದೆ ಅಂತ ಯೋಚಿಸಿ, ಅಂದಾಜು ಸಿಗುತ್ತದೆ. ಹಾಗಾಗಿ ಯಾವ ಹಣ್ಣು ಅನ್ನುವುದನ್ನು ಆಮೇಲೆ ನೋಡಿ. ಮೊದಲು ಯಾವ ಹುಳಿ, ಎಷ್ಟು ಆಲ್ಕೋಹಾಲ್ ಅಂತ ನೋಡಿ.

ಹುಳಿಯಲ್ಲಿ ಎರಡು ಜಾತಿ

ಹುಳಿಯ ವಿಷಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಣಸೆ, ಅಮಟೆಕಾಯಿ, ಪುನರ್ಪುಳಿ, ಹುಳಿ ಮಜ್ಜಿಗೆ, ಎಲ್ಲದರ ಹುಳಿಯೂ ಬೇರೆ ಅಂತ ನಾಲಿಗೆಗೆ ಗೊತ್ತು. ಈ ಬಿಯರ್‌ಗಳಲ್ಲಿ ಮುಖ್ಯವಾಗಿ ಎರಡು ಹುಳಿ ಇರುತ್ತವೆ.

ಒಂದು ಲ್ಯಾಕ್ಟಿಕ್ ಆಮ್ಲದ ಹುಳಿ. ಮೊಸರಿನಲ್ಲಿರುವುದೂ ಅದೇ. ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇದನ್ನು ಮಾಡುತ್ತವೆ. ಈ ಹುಳಿ ನಾಲಿಗೆಯ ಮೇಲೆ ಹರಡುತ್ತದೆ, ಮೂಗಿಗೆ ಹೊಡೆಯುವುದಿಲ್ಲ. ಇನ್ನೊಂದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್. ಮರದ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಗಾಳಿ ಒಳಗೆ ಹೋದಾಗ ಇದು ಹುಟ್ಟುತ್ತದೆ. ಚೂರು ಇದ್ದರೆ ರುಚಿಗೆ ಮೊನೆ ಕೊಡುತ್ತದೆ. ಜಾಸ್ತಿಯಾದರೆ ಗಂಟಲು ಕೆರೆಯುತ್ತದೆ.

ಇವುಗಳ ಜೊತೆ ಬ್ರೆಟನೊಮೈಸಿಸ್ ಅನ್ನುವ ಕಾಡು ಯೀಸ್ಟ್ ಸೇರುತ್ತದೆ. ಬಿಯರ್ ಲೋಕದವರು ಪ್ರೀತಿಯಿಂದ ಬ್ರೆಟ್ ಅನ್ನುತ್ತಾರೆ. 1904ರಲ್ಲಿ ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಇದಕ್ಕೆ ಈ ಹೆಸರಿಟ್ಟರು. ಉಳಿದ ಯೀಸ್ಟ್ ಬಿಟ್ಟ ಸಕ್ಕರೆಯನ್ನೂ ಇದು ನಿಧಾನಕ್ಕೆ ತಿನ್ನುತ್ತದೆ. ವಾಸನೆ ಒಣಹುಲ್ಲಿನದು, ಕೆಲವೊಮ್ಮೆ ಕೊಟ್ಟಿಗೆಯದು. ಬೈಹುಲ್ಲಿನ ಮೆದೆ ಹತ್ತಿರ ಆಡಿ ಬೆಳೆದವರಿಗೆ ಇದು ಅಷ್ಟೇನೂ ಹೊಸದಲ್ಲ.

ಹುಳಿಯ ಅಳತೆ ಹೇಳಬೇಕಾದರೆ, ಮೊಸರಿನ ಪಿಎಚ್ ಸುಮಾರು 4.5 ಇರುತ್ತದೆ. ಈ ಬಿಯರ್‌ಗಳದ್ದು ಸಾಮಾನ್ಯವಾಗಿ 3.2ರಿಂದ 3.5. ಪಿಎಚ್ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಹೊಟ್ಟೆಯಲ್ಲಿ ಆಸಿಡಿಟಿ ತೊಂದರೆ ಇರುವವರು ಇಲ್ಲೇ ಯೋಚನೆ ಮಾಡಿ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಆದರೆ ತಕ್ಷಣ ಹಲ್ಲುಜ್ಜಬೇಡಿ.

ಕನ್ಸೆಕ್ರೇಷನ್: ನಾಲ್ಕರಲ್ಲಿ ಗಟ್ಟಿಗ

ಭಾವ ಹಳಸಿದೆ ಅಂದದ್ದು ಇದನ್ನೇ. ನಮ್ಮ ಮನೆಯಿಂದ ಉತ್ತರಕ್ಕೆ ಎರಡು ಗಂಟೆ ದೂರದ ಸಾಂಟಾ ರೋಸಾದಲ್ಲಿ ರಷ್ಯನ್ ರಿವರ್ ಅನ್ನುವ ಬ್ರೂವರಿ ಇದೆ. ಅದನ್ನು 1997ರಲ್ಲಿ ಶುರು ಮಾಡಿದ್ದು ಕೋರ್ಬೆಲ್ ಅನ್ನುವ ವೈನ್ ಕಂಪನಿ. 2003ರಲ್ಲಿ ಅಲ್ಲಿನ ಬ್ರೂವರ್ ವಿನ್ನಿ ಸಿಲುರ್ಝೋ ಮತ್ತು ಅವರ ಹೆಂಡತಿ ನಟಾಲಿ ಅದನ್ನು ತಮ್ಮದಾಗಿಸಿಕೊಂಡರು. ಸುತ್ತಮುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ಹಾಗಾಗಿ ವೈನ್ ಇಟ್ಟು ಖಾಲಿ ಮಾಡಿದ ಬ್ಯಾರೆಲ್‌ಗಳಿಗೆ ಅಲ್ಲಿ ಬರವಿಲ್ಲ.

ಕನ್ಸೆಕ್ರೇಷನ್ ಅಂದರೆ ಕಡು ಬಣ್ಣದ ಏಲ್, ಅಂದರೆ ಒಂದು ಬಗೆಯ ಬಿಯರ್. ಅದನ್ನು ಕ್ಯಾಬರ್ನೆ ಸೋವಿನ್ಯೋನ್ ವೈನ್ ಇದ್ದ ಓಕ್ ಬ್ಯಾರೆಲ್‌ಗೆ ತುಂಬಿ, ಬ್ಲ್ಯಾಕ್ ಕರ್ರಂಟ್ ಹಣ್ಣು ಸೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಆಲ್ಕೋಹಾಲ್ 10%.

ಈ ಹತ್ತು ಅನ್ನುವುದನ್ನು ಹಗುರವಾಗಿ ತಗೋಬೇಡಿ. ಊರಿನಲ್ಲಿ ಸಿಗುವ 650 ಮಿಲಿಯ ದೊಡ್ಡ ಬಾಟಲಿ ಲಾಗರ್ 5% ಇದ್ದರೆ, ಅದರಲ್ಲಿ ಆಲ್ಕೋಹಾಲ್ 32.5 ಮಿಲಿ. ಕನ್ಸೆಕ್ರೇಷನ್‌ನ 375 ಮಿಲಿ ಚಿಕ್ಕ ಬಾಟಲಿಯಲ್ಲಿ 37.5 ಮಿಲಿ. ಕೈಯಲ್ಲಿ ಹಿಡಿದರೆ ಜ್ಯೂಸ್ ಬಾಟಲಿ ಅನಿಸುತ್ತದೆ. ಹುಳಿ ಇರುವುದರಿಂದ ಆಲ್ಕೋಹಾಲ್‌ನ ಉರಿ ನಾಲಿಗೆಗೆ ಅಷ್ಟು ತಿಳಿಯುವುದೂ ಇಲ್ಲ. ಒಬ್ಬರೇ ಒಂದು ಬಾಟಲಿ ಮುಗಿಸಿ ಕಾರಿನ ಕೀಲಿ ಹುಡುಕುವುದು ಬೇಡ.

ರುಚಿ ಹೇಗೆ ಬರುತ್ತದೆ ಅಂತ ನಿಧಾನವಾಗಿ ಹೇಳುತ್ತೇನೆ. ಗ್ಲಾಸಿಗೆ ಸುರಿದಾಗ ಕಡು ಕಂದು. ದೀಪದ ಮುಂದೆ ಹಿಡಿದರೆ ಅಂಚಿನಲ್ಲಿ ಕೆಂಪು ಕಾಣುತ್ತದೆ. ನೊರೆ ಒಂದೆರಡು ನಿಮಿಷದಲ್ಲೇ ಇಳಿದು, ಗ್ಲಾಸಿನ ಸುತ್ತ ತೆಳು ಬಳೆಯ ಹಾಗೆ ನಿಲ್ಲುತ್ತದೆ. ಮೂಗು ಹತ್ತಿರ ತಂದರೆ ಮೊದಲು ಸಿಗುವುದು ಕೆಂಪು ವೈನಿನ ವಾಸನೆ. ಆಮೇಲೆ ಹಸಿ ಮರ, ಒಣದ್ರಾಕ್ಷಿ, ಹಿಂದೆಲ್ಲೋ ಒಂದೆಳೆ ಹುಲ್ಲು. ಮೊದಲ ಗುಟುಕಿಗೆ ಹುಳಿ ಕೆನ್ನೆಯನ್ನು ಒಳಗೆ ಎಳೆಯುತ್ತದೆ. ಬೇರೆ ಏನೂ ತಿಳಿಯುವುದಿಲ್ಲ. ಎರಡನೆಯದಕ್ಕೆ ಒಗರು ಬರುತ್ತದೆ, ನೇರಳೆ ಹಣ್ಣು ತಿಂದಾಗ ನಾಲಿಗೆ ದಪ್ಪ ಆದ ಹಾಗಾಗುತ್ತದಲ್ಲ, ಹಾಗೆ. ಅದರಲ್ಲಿ ಒಂದು ಪಾಲು ಹಣ್ಣಿನ ಸಿಪ್ಪೆಯದು, ಒಂದು ಪಾಲು ಓಕ್ ಮರದ್ದು. ಮೂರನೇ ಗುಟುಕಿಗೆ ಬಾಯಿ ಒಗ್ಗಿರುತ್ತದೆ. ಆಗ ಮಾತ್ರ ಕರ್ರಂಟ್ ಕಾಣಿಸುತ್ತದೆ. ನುಂಗಿದ ಮೇಲೆ ಎದೆಯಲ್ಲಿ ಮೆಲ್ಲಗೆ ಬೆಚ್ಚಗಾಗುತ್ತದೆ.

ಅದಕ್ಕೇ ನನ್ನ ನಿಯಮ ಇಷ್ಟೇ: ಮೂರು ಗುಟುಕು ಆಗುವವರೆಗೆ ತೀರ್ಪು ಕೊಡಬೇಡಿ.

ಕೆಂಪು ವೈನ್ ಇಷ್ಟಪಡುವವರಿಗೆ, ಅದರಲ್ಲೂ ಒಗರು ಜಾಸ್ತಿ ಇರುವ ವೈನ್ ಕುಡಿಯುವವರಿಗೆ, ನಾನು ಯೋಚಿಸದೆ ಇದನ್ನೇ ಕೊಡುತ್ತೇನೆ. ಬಿಯರ್ ಮಾತ್ರ ಕುಡಿದವರಿಗೆ ಮೊದಲ ಸಲಕ್ಕೆ ಕೊಡುವುದಿಲ್ಲ.

ಸಪ್ಲಿಕೇಷನ್

ಅದೇ ಬ್ರೂವರಿಯ ಇನ್ನೊಂದು ಬಿಯರ್. 7%. ಕಂದು ಏಲ್, ಪಿನೋ ನ್ವಾರ್ ವೈನ್ ಇದ್ದ ಬ್ಯಾರೆಲ್, ಹುಳಿ ಚೆರ್ರಿ. ಪಿನೋ ನ್ವಾರ್ ತೆಳುವಾದ ವೈನ್, ಒಗರು ಕಡಿಮೆ. ಬಿಯರ್‌ಗೂ ಅದೇ ಗುಣ ಬಂದಿದೆ. ಹುಳಿ ಮಾತ್ರ ಕನ್ಸೆಕ್ರೇಷನ್‌ಗಿಂತ ಚುರುಕು ಅನಿಸುತ್ತದೆ, ಯಾಕೆಂದರೆ ಅದನ್ನು ಮುಚ್ಚಲು ಅಷ್ಟು ಮೈ ಇಲ್ಲ. ಈ ಎರಡರ ನಡುವೆ ಒದ್ದಾಡುತ್ತಿದ್ದರೆ, ಊಟದ ಜೊತೆಗಾದರೆ ಸಪ್ಲಿಕೇಷನ್, ಊಟ ಮುಗಿದ ಮೇಲಾದರೆ ಕನ್ಸೆಕ್ರೇಷನ್.

ಕ್ರೀಕ್: ಗಾಳಿಯಲ್ಲಿ ಬಂದದ್ದು

ಕ್ಯಾಲಿಫೋರ್ನಿಯಾದವರು ಇದನ್ನೆಲ್ಲ ಕಲಿತದ್ದು ಬೆಲ್ಜಿಯಂನಿಂದ. ಬ್ರಸೆಲ್ಸ್ ಊರು ಮತ್ತು ಅದರ ಪಕ್ಕದ ಝೆನ್ನೆ ನದಿ ಕಣಿವೆಯಲ್ಲಿ ಲ್ಯಾಂಬಿಕ್ ಅನ್ನುವ ಬಿಯರ್ ಮಾಡುತ್ತಾರೆ. ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಮೂರನೇ ಒಂದು ಪಾಲಿನಷ್ಟು ಮೊಳಕೆ ಬರಿಸದ ಗೋಧಿ. ಕುದಿಸಿದ ರಸವನ್ನು ಚಳಿಗಾಲದ ರಾತ್ರಿ ಅಗಲವಾದ, ತೆರೆದ ತೊಟ್ಟಿಯಲ್ಲಿ ಬಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ ಇರುವುದು, ಮರದಲ್ಲಿ ಕೂತಿರುವುದು, ಅದೇ ಬಂದು ಹುದುಗು ಬರಿಸುತ್ತದೆ. ಹೆಪ್ಪು ಹಾಕದೆ ಹಾಲು ಮೊಸರಾಗಲಿ ಅಂತ ಬಿಟ್ಟ ಹಾಗೆ. ಬೇಸಿಗೆಯಲ್ಲಿ ಬೇಡದ ಬ್ಯಾಕ್ಟೀರಿಯಾ ಜಾಸ್ತಿ, ಹಾಗಾಗಿ ಆಗ ಈ ಕೆಲಸ ನಿಲ್ಲಿಸುತ್ತಾರೆ.

ಬ್ಯಾರೆಲ್‌ನಲ್ಲಿ ಇರುವಾಗ ನಡುವೆ ಒಮ್ಮೆ ಇದು ಬೆಂಡೆಕಾಯಿ ಲೋಳೆಯ ಹಾಗೆ ನೂಲು ನೂಲಾಗುವುದುಂಟು. ಪೀಡಿಯೋಕಾಕಸ್ ಮಾಡುವ ಕೆಲಸ ಅದು. ಬ್ರೂವರ್‌ಗಳು ಬಿಯರ್‌ಗೆ ಕಾಯಿಲೆ ಬಂದಿದೆ ಅನ್ನುತ್ತಾರೆ. ಸುಮ್ನೆ ಕಾಯುತ್ತಾರೆ. ಕೆಲವು ತಿಂಗಳಲ್ಲಿ ಬ್ರೆಟ್ ಆ ಲೋಳೆಯನ್ನು ಕರಗಿಸಿಬಿಡುತ್ತದೆ.

ಇಂಥ ಲ್ಯಾಂಬಿಕ್‌ಗೆ ಹುಳಿ ಚೆರ್ರಿಯನ್ನು ಬೀಜದ ಸಮೇತ ಹಾಕಿ ನೆನೆಸಿಟ್ಟರೆ ಕ್ರೀಕ್. ಬೀಜದಿಂದ ಬಾದಾಮಿಯಂಥ ಪರಿಮಳ ಬರುತ್ತದೆ. ಈ ಬಾದಾಮಿ ವಾಸನೆ ನನಗೆ ತುಂಬಾ ಇಷ್ಟ. ಗ್ಲಾಸ್ ಖಾಲಿಯಾದ ಮೇಲೂ ಮೂಸಿ ನೋಡಿ, ಅದು ಅಲ್ಲೇ ಇರುತ್ತದೆ.

ಕ್ರೀಕ್ ಒಳಗೂ ಆಯ್ಕೆ ಇದೆ. ಬ್ರಸೆಲ್ಸ್ ಊರಿನೊಳಗೇ ಇರುವ ಕಾಂಟಿಯೋನ್ ಬ್ರೂವರಿ 1900ರದು. ಅಲ್ಲಿ ಜೇಡರ ಬಲೆ ತೆಗೆಯುವುದಿಲ್ಲ, ಹಣ್ಣಿಗೆ ಮುತ್ತುವ ನೊಣಗಳನ್ನು ಜೇಡ ಹಿಡಿಯುತ್ತದೆ ಅಂತ. ಅವರ ಕ್ರೀಕ್‌ಗೆ ಲೀಟರಿಗೆ ಸುಮಾರು 200 ಗ್ರಾಂ ಚೆರ್ರಿ. ಅದು ಕಡ್ಡಿ ಮುರಿದ ಹಾಗೆ ಹುಳಿ, ಮುಲಾಜೇ ಇಲ್ಲ. ಲೆಂಬೇಕ್ ಊರಿನ ಬೂನ್ ಬ್ರೂವರಿಯ 'ಮಾರಿಯಾಜ್ ಪಾರ್ಫೆ' ಕ್ರೀಕ್‌ಗೆ ಲೀಟರಿಗೆ 400 ಗ್ರಾಂ ಚೆರ್ರಿ, ಆಲ್ಕೋಹಾಲ್ 8%. ಹಣ್ಣು ಜಾಸ್ತಿ, ಮೈ ದುಂಡು, ಹುಳಿ ಮೃದು. ಗಟ್ಟಿ ಬಿಯರ್ ಬೇಕು, ಆದರೆ ವೈನಿನ ಒಗರು ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕುಡಿದಿಲ್ಲ.

ಅಂಗಡಿಯಲ್ಲಿ ಒಂದು ಪದ ನೋಡಿಕೊಳ್ಳಿ. ಲೇಬಲ್ ಮೇಲೆ 'ಔಡೆ ಕ್ರೀಕ್' ಅಂತ ಇದ್ದರೆ ಅದು ಹಳೇ ಪದ್ಧತಿಯದ್ದು. ಔಡೆ ಅಂದರೆ ಹಳೆಯದು. ಯುರೋಪಿಯನ್ ಒಕ್ಕೂಟ 1997ರಿಂದ ಆ ಹೆಸರಿಗೆ ರಕ್ಷಣೆ ಕೊಟ್ಟಿದೆ. ಬರೀ 'ಕ್ರೀಕ್' ಅಂತ ಇದ್ದರೆ ಸಿಹಿ ಸೇರಿಸಿರುವ ಸಾಧ್ಯತೆ ಜಾಸ್ತಿ. ಲಿಂಡೆಮನ್ಸ್‌ನ ಸಾಮಾನ್ಯ ಕ್ರೀಕ್ ಹಾಗೇ, 3.5% ಅಷ್ಟೇ, ಸಿಹಿ. ಅದನ್ನು ಕೀಳಾಗಿ ನೋಡಬೇಡಿ. ಅಕ್ಕ ಖುಷಿಯಾಗಿ ಕುಡಿದದ್ದು ಅದನ್ನೇ. ಆದರೆ ಅದನ್ನು ಕುಡಿದು ಹುಳಿ ಬಿಯರ್ ಗೊತ್ತಾಯಿತು ಅಂದುಕೊಂಡರೆ ಕನ್ಸೆಕ್ರೇಷನ್ ಮುಂದೆ ಗಾಬರಿಯಾಗುತ್ತೀರಿ.

ಕ್ರೀಕ್ ಕೊಂಡರೆ ಬೇಗ ಕುಡಿಯಿರಿ. ವರ್ಷ ಕಳೆದಂತೆ ಹಣ್ಣು ಮಾಸುತ್ತದೆ, ಲ್ಯಾಂಬಿಕ್ ಮಾತ್ರ ಉಳಿಯುತ್ತದೆ. ಕನ್ಸೆಕ್ರೇಷನ್ ಒಂದೆರಡು ವರ್ಷ ತಡೆದುಕೊಳ್ಳುತ್ತದೆ.

ರೋಡನ್‌ಬಾಕ್: ಸಿಹಿ-ಹುಳಿ

ಬೆಲ್ಜಿಯಂನ ಪಶ್ಚಿಮಕ್ಕೆ ರೂಸೆಲಾರೆ ಅನ್ನುವ ಊರು. ಅಲ್ಲಿ ರೋಡನ್‌ಬಾಕ್ ಕುಟುಂಬ 1821ರಲ್ಲಿ ಬ್ರೂವರಿ ಶುರು ಮಾಡಿತು. ಅಲ್ಲಿ ಬಿಯರ್ ಮಾಗುವುದು ಆಳೆತ್ತರ ಮೀರಿದ ಓಕ್ ಪೀಪಾಯಿಗಳಲ್ಲಿ. ಒಟ್ಟು 294 ಇವೆ. ವೈನ್ ಬ್ಯಾರೆಲ್ ಹಿಡಿಯುವುದು ಸುಮಾರು 225 ಲೀಟರ್. ಇವು ಸಾವಿರಾರು ಲೀಟರ್ ಹಿಡಿಯುತ್ತವೆ. ಪಾತ್ರೆ ದೊಡ್ಡದಾದಷ್ಟೂ ಬಿಯರ್‌ಗೆ ಮರದ ರುಚಿ ಹತ್ತುವುದು ಕಡಿಮೆ. ಹಾಗಾಗಿ ಇಲ್ಲಿ ಮರದ ಒಗರು ಕಡಿಮೆ. ಅಸಿಟಿಕ್ ಹುಳಿ ಮಾತ್ರ ಇದೆ, ಅದು ಈ ಶೈಲಿಯ ಗುರುತೇ. ಜೊತೆಗೆ ಕ್ಯಾರಮೆಲ್ ಥರದ ಸಿಹಿ ಇರುವುದರಿಂದ ಕೆರೆಯುವುದಿಲ್ಲ. ಹುಣಸೆ-ಬೆಲ್ಲದ ಗೊಜ್ಜಿನ ಹದ ನೆನಪಿಸಿಕೊಳ್ಳಿ.

ಹಣ್ಣು ಹಾಕಿದ್ದರಲ್ಲಿ 'ಕ್ಯಾರಕ್ಟೇರ್ ರೂಜ್' ಗಟ್ಟಿಯಾದದ್ದು, 7%. ಎರಡು ವರ್ಷ ಮಾಗಿದ ಬಿಯರ್‌ಗೆ ಚೆರ್ರಿ, ರಾಸ್ಪ್‌ಬೆರಿ, ಕ್ರ್ಯಾನ್‌ಬೆರಿ ಹಾಕಿ ಮತ್ತೆ ಆರು ತಿಂಗಳು ಇಡುತ್ತಾರೆ. 'ಅಲೆಕ್ಸಾಂಡರ್' ಇನ್ನೊಂದು, 5.6%, ಚೆರ್ರಿ ಮಾತ್ರ, ಮೆತ್ತಗೆ. ಅದರ ಹೆಸರು ಆ ಕುಟುಂಬದ ಅಲೆಕ್ಸಾಂಡರ್ ರೋಡನ್‌ಬಾಕ್ ಅವರದು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಇದಲ್ಲದೆ ಬರ್ಬನ್ ವಿಸ್ಕಿ ಬ್ಯಾರೆಲ್‌ನಲ್ಲಿ ಮಾಗಿಸಿದವೂ ಸಿಗುತ್ತವೆ. ಕ್ಯಾಲಿಫೋರ್ನಿಯಾದ ಲಾಸ್ಟ್ ಅಬ್ಬಿಯ 'ಕುವೇ ದ ಟೋಮ್' ಅಂಥದ್ದು, 11%, ಅದರಲ್ಲೂ ಹುಳಿ ಚೆರ್ರಿ. ವಿಸ್ಕಿ ಪ್ರಿಯರು ನೋಡಬಹುದು. ನನಗೆ ಹುಳಿ ಮತ್ತು ವೆನಿಲ್ಲಾ ವಾಸನೆ ಒಟ್ಟಿಗೆ ಹೊಂದುವುದಿಲ್ಲ.

ಊಟಕ್ಕೆ ಯಾವುದು

ಅಕ್ಕ ಊರಿನಿಂದ ಕಾಚಂಪುಳಿ ತಂದಿದ್ದಳು. ಸುಳ್ಯ ಅಂದರೆ ಕೊಡಗಿಗೆ ಗಡಿ, ಅವಳ ಕೈಯ ಹಂದಿ ಮಾಂಸದ ಸಾರಿಗೆ ಅದಿಲ್ಲದೆ ಆಗುವುದಿಲ್ಲ. ಆ ಕಪ್ಪು ಹುಳಿ, ಹುರಿದ ಮೆಣಸು, ಕೊಬ್ಬು ಸೇರಿದ ಸಾರಿನ ಜೊತೆ ರೋಡನ್‌ಬಾಕ್ ಕುಡಿದೆವು. ಹೇಳಿ ಮಾಡಿಸಿದ ಹಾಗಿತ್ತು. ಬೆಲ್ಜಿಯಂನವರೂ ದನದ ಮಾಂಸವನ್ನು ಕಂದು ಬಿಯರ್‌ನಲ್ಲೇ ಬೇಯಿಸುತ್ತಾರೆ, ಲೆಕ್ಕ ಒಂದೇ ಅಲ್ವಾ? ಕೊಬ್ಬನ್ನು ಹುಳಿ ಕತ್ತರಿಸುತ್ತದೆ.

ಅದೇ ಸಾರಿನ ಜೊತೆ ಕನ್ಸೆಕ್ರೇಷನ್ ನೋಡಿದೆವು, ಸರಿಬರಲಿಲ್ಲ. 10% ಆಲ್ಕೋಹಾಲ್ ಮೆಣಸಿನ ಖಾರವನ್ನು ಎತ್ತಿಬಿಡುತ್ತದೆ. ನಾಲಿಗೆ ಉರಿಯಿತು. ಅದಕ್ಕೆ ಖಾರ ಇಲ್ಲದ್ದು ಬೇಕು: ಹಳೇ ಗಟ್ಟಿ ಚೀಸ್, ಹುರಿದ ಗೋಡಂಬಿ, ಕಹಿ ಚಾಕೊಲೇಟ್. ಕ್ರೀಕ್‌ಗೆ ಬ್ರಸೆಲ್ಸ್‌ನವರು ಬ್ರೆಡ್ ಮೇಲೆ ಮೆತ್ತನೆ ಬಿಳಿ ಚೀಸ್ ಹಚ್ಚಿ, ಮೂಲಂಗಿ ಬಿಲ್ಲೆ, ಈರುಳ್ಳಿ ಹೂವು ಇಟ್ಟು ತಿನ್ನುತ್ತಾರೆ. ಪನೀರ್ ಪುಡಿಮಾಡಿ ಉಪ್ಪು ಹಾಕಿ ನೋಡಿ, ಅದೂ ನಡೆಯುತ್ತದೆ.

ಕುಡಿಯುವ ಕ್ರಮ

ನಾಲ್ಕಾರು ಜನ ಸೇರಿ ಹೋಲಿಸುವುದಾದರೆ ತಲೆಗೆ 60 ಮಿಲಿ ಸಾಕು. ಮೆತ್ತಗಿರುವುದರಿಂದ ಶುರು ಮಾಡಿ: ಮೊದಲು ರೋಡನ್‌ಬಾಕ್, ಆಮೇಲೆ ಕ್ರೀಕ್, ಸಪ್ಲಿಕೇಷನ್, ಕೊನೆಗೆ ಕನ್ಸೆಕ್ರೇಷನ್. ಸಿಹಿ ಕ್ರೀಕ್ ಇದ್ದರೆ ಅದನ್ನು ಬೇರೆಯಾಗಿಯೇ ಇಡಿ. ಸಿಹಿ ಕುಡಿದ ನಾಲಿಗೆಗೆ ಉಳಿದದ್ದೆಲ್ಲ ವಿಷ ಅನಿಸುತ್ತದೆ. ನಡುನಡುವೆ ನೀರು, ಒಂದು ಹಿಡಿ ಮಂಡಕ್ಕಿ. ಖಾರದ ಮಿಕ್ಸ್‌ಚರ್ ತಟ್ಟೆಯನ್ನು ಆಚೆಗಿಡಿ.

ಫ್ರಿಜ್‌ನಿಂದ ತೆಗೆದು 20-25 ನಿಮಿಷ ಬಿಟ್ಟು ತೆರೆಯಿರಿ. ತುಂಬಾ ತಣ್ಣಗಿದ್ದರೆ ಹುಳಿ ಮತ್ತು ಒಗರು ಮಾತ್ರ ಸಿಗುತ್ತವೆ, ಹಣ್ಣು ಅಡಗಿಕೊಳ್ಳುತ್ತದೆ. ಬಾಟಲಿಯನ್ನು ಹಿಂದಿನ ದಿನವೇ ನಿಲ್ಲಿಸಿಡಿ, ಗಷ್ಟು ತಳಕ್ಕೆ ಇಳಿಯಲಿ. ಕಾರ್ಕ್ ಇದ್ದರೆ ಒತ್ತಡ ಜಾಸ್ತಿ ಇರುತ್ತದೆ. ಮೇಲೆ ಬಟ್ಟೆ ಹಾಕಿ ಹಿಡಿದು, ಕಾರ್ಕ್ ಬದಲು ಬಾಟಲಿಯನ್ನು ತಿರುಗಿಸಿ. ವೈನ್ ಗ್ಲಾಸ್ ಸಾಕು, ಅರ್ಧಕ್ಕಿಂತ ಕಡಿಮೆ ತುಂಬಿಸಿ.

ನಿಜವಾಗಿ ಕೆಟ್ಟದ್ದನ್ನು ಗುರುತಿಸುವುದು ಹೇಗೆ? ಮೂಗಿನಿಂದ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ರಿಯಾಯಿತಿ ಅಂತ ಒಂದು ದೊಡ್ಡ ಬಾಟಲಿ ಕೊಂಡೆ. ಕಿಟಕಿ ಪಕ್ಕ, ಬಿಸಿಲಿಗೆ ನಿಲ್ಲಿಸಿದ್ದರು. ಮನೆಗೆ ತಂದು ತೆರೆದರೆ ಉಗುರುಬಣ್ಣ ಒರೆಸುವ ದ್ರಾವಣದ ವಾಸನೆ. ಅದಕ್ಕೆ ಮೂರು ಗುಟುಕಿನ ನಿಯಮ ಇಲ್ಲ. ಹುಲ್ಲು, ಮರ, ಮೊಸರು, ಕೊಟ್ಟಿಗೆ ಇದ್ದರೆ ಇರಲಿ. ಉಗುರುಬಣ್ಣ, ಒದ್ದೆ ರಟ್ಟು, ಅಥವಾ ಬರೀ ವಿನೆಗರ್ ಬಂದರೆ ಚೆಲ್ಲಿ. ಬಿಸಿಲಿನಲ್ಲಿಟ್ಟ ಬಾಟಲಿಯನ್ನು ಅಂದಿನಿಂದ ನಾನು ಮುಟ್ಟುವುದಿಲ್ಲ.

ಊರಿಗೆ ಹೊರಡುವ ಮುನ್ನ ಭಾವ ತಾವೇ ಕೇಳಿದರು, "ಆ ಬಾದಾಮಿ ವಾಸನೆಯದ್ದು ಎಲ್ಲಿ ಸಿಗುತ್ತದೆ?" ಪುನರ್ಪುಳಿ ಸಾರು ಕುಡಿದು ಬೆಳೆದವರು, ಕ್ರೀಕ್ ಹಿಡಿಸಿತ್ತು. ಭಾರತಕ್ಕೆ ಹೋಗುವ ಪ್ರಯಾಣಿಕರಿಗೆ ಸುಂಕವಿಲ್ಲದೆ ತಲೆಗೆ 2 ಲೀಟರ್ ಮದ್ಯ ತರಲು ಅವಕಾಶವಿದೆ. 375 ಮಿಲಿಯ ಐದು ಬಾಟಲಿ ಸೇರಿದರೆ 1,875 ಮಿಲಿ. ನಾಲ್ಕು ಔಡೆ ಕ್ರೀಕ್, ಒಂದು ಕನ್ಸೆಕ್ರೇಷನ್ ತಂದುಕೊಟ್ಟೆ. ಪ್ರತಿಯೊಂದನ್ನೂ ಬೇರೆ ಬೇರೆ ಪಂಚೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸೂಟ್‌ಕೇಸಿನ ನಡುವೆ ಇಟ್ಟೆವು. ಕನ್ಸೆಕ್ರೇಷನ್ ಯಾಕೆ ಅಂತ ಭಾವ ಕೇಳಿದರು. ಮುಂದಿನ ಮಳೆಗಾಲದಲ್ಲಿ ನಾನು ಬಂದಾಗ ತೆರೆಯೋಣ, ಅಲ್ಲಿಯವರೆಗೆ ಕತ್ತಲೆ ಕೋಣೆಯಲ್ಲಿ ನಿಲ್ಲಿಸಿಡಿ ಅಂದೆ.